ಗುತ್ತಿಗೆ ಕೈ ಬದಲಾದಾಗ ನೆಲದೊಡೆಯನಿಗೆ ಉಳಿಯುವುದೇನು?

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಗುಡ್ಡಗಾಡಿನಲ್ಲಿ ಒಂದಷ್ಟು ಹುಲ್ಲುಗಾವಲು, ಒಂದು ಹಸುವಿನ ಕೊಟ್ಟಿಗೆ, ಇಳಿಜಾರಿನಲ್ಲಿ ಮೆಕ್ಕೆಜೋಳದ ಹೊಲ ಇಟ್ಟುಕೊಂಡಿರುವ ರೈತನ ಮನೆಗೆ ಒಂದು ದಿನ ಅಂಚೆಯಲ್ಲಿ ಲಕೋಟೆ ಬರುತ್ತದೆ. ಒಳಗಿರುವುದು ಒಂದೇ ಹಾಳೆಯ ಪತ್ರ. ಅವನ ಜಮೀನಿನ ಅಡಿಯಲ್ಲಿರುವ ಅನಿಲವನ್ನು ತೆಗೆಯುವ ಗುತ್ತಿಗೆ ಇನ್ನು ಮುಂದೆ ಬೇರೊಂದು ಕಂಪನಿಗೆ ಸೇರಿದ್ದು, ತಿಂಗಳ ಹಣವೂ ಅಲ್ಲಿಂದಲೇ ಬರುತ್ತದೆ ಎಂಬುದು ಅದರ ಸಾರಾಂಶ. ಪತ್ರದ ತಲೆಯ ಮೇಲಿರುವ ಹೆಸರನ್ನು ಆ ರೈತ ಕೇಳಿದ್ದೇ ಇಲ್ಲ. ಅವನು ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಸಹಿ ಹಾಕಿದ್ದು ಇನ್ಯಾರಿಗೋ. ಅವನನ್ನು ಕೇಳದೆಯೇ ಅವನ ನೆಲ ಮಾರಾಟವಾಗಿಬಿಟ್ಟಿತೇ?

ನೆಲ ಮಾರಾಟವಾಗಿಲ್ಲ. ಆದರೆ ನೆಲದ ಮೇಲೆ ಅವನು ಬರೆದುಕೊಟ್ಟ ಹಕ್ಕು ಮಾರಾಟವಾಗಿದೆ. ಇವೆರಡರ ನಡುವಿನ ಅಂತರವನ್ನು ತಿಳಿದವನಿಗೆ ಆ ಪತ್ರ ಒಂದು ಸಾಮಾನ್ಯ ಸೂಚನೆ. ತಿಳಿಯದವನಿಗೆ ಅದೇ ಪತ್ರ ವರ್ಷಗಟ್ಟಲೆಯ ನಷ್ಟಕ್ಕೆ ನಾಂದಿಯಾಗಬಹುದು.

ನೆಲದಡಿಯ ಒಡೆತನ

ಈ ವಿಷಯ ನಮ್ಮ ಓದುಗರಿಗೆ ವಿಚಿತ್ರವೆನಿಸಲು ಕಾರಣವಿದೆ. ನಮ್ಮ ರೈತನ ಹೊಲದಲ್ಲಿ ಅನಿಲ ಸಿಕ್ಕರೆ ಅದು ಅವನದಲ್ಲ, ಸರ್ಕಾರದ್ದು. ಗುತ್ತಿಗೆ ಕೊಡುವುದೂ ಸರ್ಕಾರವೇ, ರಾಜಧನ ಪಡೆಯುವುದೂ ಸರ್ಕಾರವೇ. ರೈತನಿಗೆ ದಕ್ಕುವುದು ಮೇಲ್ಮೈ ಜಮೀನಿನ ಪರಿಹಾರ ಮಾತ್ರ. ಮಲಬಾರಿನ ಜನ್ಮಿ ಜಮೀನುಗಳ ಮೊಕದ್ದಮೆಯಲ್ಲಿ, ನೆಲದಡಿಯ ಖನಿಜವೂ ನೆಲದೊಡೆಯನದೇ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ್ದುಂಟು. ಆದರೆ ತೈಲ, ಅನಿಲಗಳ ಮಾತು ಬೇರೆ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಖಾಸಗಿ ಜಮೀನಿನ ಒಡೆತನ ಹುಲ್ಲಿನ ಬೇರಿನ ಕೆಳಗೂ ಇಳಿಯುತ್ತದೆ. ಕಲ್ಲಿದ್ದಲು, ತೈಲ, ಅನಿಲ ಎಲ್ಲವೂ ಮೂಲತಃ ಜಮೀನುದಾರನವು. ಅವನು ಮೇಲಿನ ಹೊಲವನ್ನು ಮಾರಿ ಕೆಳಗಿನ ಖನಿಜದ ಹಕ್ಕನ್ನು ತನ್ನಲ್ಲೇ ಉಳಿಸಿಕೊಳ್ಳಬಹುದು. ಖನಿಜವನ್ನು ಮಾರಿ ಹೊಲವನ್ನು ಉಳಿಸಿಕೊಳ್ಳಲೂಬಹುದು. ಅಜ್ಜನ ಕಾಲದಲ್ಲಿ ಹೀಗೆ ಬೇರ್ಪಟ್ಟ ಹಕ್ಕುಗಳನ್ನು ಮೊಮ್ಮಕ್ಕಳು ಕೌಂಟಿ ಕಚೇರಿಯ ದಫ್ತರಗಳಲ್ಲಿ ಹುಡುಕುತ್ತ ಕೂರುವುದು ಅಲ್ಲಿ ಸಾಮಾನ್ಯ ನೋಟ.

ಗುತ್ತಿಗೆಯ ಹಸ್ತಾಂತರವೂ ಅಲ್ಲಿ ಇಂದು ನಿನ್ನೆಯದಲ್ಲ. ಅಮೆರಿಕದ ತೈಲೋದ್ಯಮಕ್ಕೆ ನಾಂದಿ ಹಾಡಿದ್ದು 1859ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿ. ಅದರ ಆಳ ಸುಮಾರು 69 ಅಡಿ. ಆ ಬಾವಿಯ ಗುತ್ತಿಗೆಯೇ ಕೈ ಬದಲಾಯಿಸಿದ ಗುತ್ತಿಗೆ. ಮೊದಲು ಡ್ರೇಕ್ ಮತ್ತು ಅವನ ಜತೆಗಾರನೊಬ್ಬನ ಹೆಸರಿನಲ್ಲಿದ್ದ ಪತ್ರ 1858ರಲ್ಲಿ ಸೆನೆಕಾ ಆಯಿಲ್ ಕಂಪನಿಗೆ ವರ್ಗವಾಯಿತು. ತೈಲ ಚಿಮ್ಮುವ ಮೊದಲೇ ಕಾಗದ ಕೈ ದಾಟಿತ್ತು.

ಗುತ್ತಿಗೆ ಪತ್ರದಲ್ಲಿ ಇರುವುದೇನು?

ಹಸ್ತಾಂತರವನ್ನು ಅರ್ಥ ಮಾಡಿಕೊಳ್ಳಲು ಮೊದಲು ಗುತ್ತಿಗೆಯನ್ನೇ ಬಿಚ್ಚಿ ನೋಡಬೇಕು. ಅನಿಲದ ಗುತ್ತಿಗೆ ನಮ್ಮ ಗೇಣಿಯಂತಲ್ಲ, ಮನೆ ಬಾಡಿಗೆಯಂತೂ ಅಲ್ಲವೇ ಅಲ್ಲ. ಸಹಿ ಹಾಕಿದ ದಿನ ಎಕರೆಗೆ ಇಷ್ಟು ಎಂದು ಕಂಪನಿ ಒಂದು ಗಂಟು ಕೊಡುತ್ತದೆ. ಇದಕ್ಕೆ ಬೋನಸ್ ಎನ್ನುತ್ತಾರೆ. ಅನಂತರ ಸಾಮಾನ್ಯವಾಗಿ ಐದು ವರ್ಷದ ಮೊದಲ ಅವಧಿ. ಅಷ್ಟರೊಳಗೆ ಕಂಪನಿ ಬಾವಿ ಕೊರೆಯದಿದ್ದರೆ ಗುತ್ತಿಗೆ ಸಾಯುತ್ತದೆ. ಕೊರೆದು ಅನಿಲ ಬಂದರೆ, ಲಾಭ ಬರುವಷ್ಟು ಅನಿಲ ಹರಿಯುತ್ತಿರುವವರೆಗೂ ಗುತ್ತಿಗೆ ಬದುಕಿರುತ್ತದೆ. ಅದು ಹತ್ತು ವರ್ಷವಾಗಬಹುದು, ಎಂಬತ್ತು ವರ್ಷವೂ ಆಗಬಹುದು.

ಉತ್ಪ್ರೇಕ್ಷೆಯಲ್ಲ. ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟು 2012ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಗುತ್ತಿಗೆ ಬರೆದದ್ದು 1928ರಲ್ಲಿ. 1959ರಲ್ಲಿ ಬಾವಿಗಳು ನಷ್ಟದಲ್ಲಿದ್ದವು, ಆದ್ದರಿಂದ ಗುತ್ತಿಗೆ ಅಂದೇ ಮುಗಿಯಿತು ಎಂಬುದು ಜಮೀನುದಾರರ ವಾದ. ಕಂಪನಿ ಒಳ್ಳೆಯ ನಂಬಿಕೆಯಿಂದ ಬಾವಿಗಳನ್ನು ನಡೆಸಿಕೊಂಡು ಬಂದಿದ್ದರೆ ಒಂದು ವರ್ಷದ ನಷ್ಟದಿಂದ ಗುತ್ತಿಗೆ ಸಾಯದು ಎಂದು ಕೋರ್ಟು ಹೇಳಿತು. ದಕ್ಷಿಣ ಕನ್ನಡದವರಿಗೆ ಮೂಲಗೇಣಿಯ ನೆನಪಾದೀತು. ತಲೆಮಾರುಗಳನ್ನು ದಾಟಿ ಬದುಕುವ ಕರಾರು ಅದು. ಇಷ್ಟು ದೀರ್ಘಾಯುಷ್ಯದ ಕಾಗದ ಒಂದೇ ಕೈಯಲ್ಲಿ ಉಳಿಯುವುದು ಅಪರೂಪ.

ಅನಿಲ ಬಂದ ಮೇಲೆ ಜಮೀನುದಾರನಿಗೆ ಸಿಗುವುದು ರಾಜಧನ, ಅಂದರೆ ರಾಯಲ್ಟಿ. ಪೆನ್ಸಿಲ್ವೇನಿಯದ 1979ರ ಕಾಯ್ದೆಯಂತೆ ಅದು ಎಂಟನೆಯ ಒಂದು ಪಾಲಿಗಿಂತ, ಎಂದರೆ ಶೇಕಡಾ 12.5ಕ್ಕಿಂತ, ಕಡಿಮೆ ಇರುವಂತಿಲ್ಲ. ಆದರೆ ಒಂದು ಬಾವಿಗೆ ಹಲವರ ಜಮೀನನ್ನು ಒಟ್ಟುಗೂಡಿಸಿ ಒಂದು ಘಟಕ ಮಾಡುತ್ತಾರೆ. 640 ಎಕರೆಯ ಘಟಕದಲ್ಲಿ ಒಬ್ಬನ 100 ಎಕರೆ ಇದ್ದರೆ ಅವನ ಪಾಲು 640ರಲ್ಲಿ 100, ಅದರ ಎಂಟನೆಯ ಒಂದು. ಲೆಕ್ಕ ಹಾಕಿದರೆ 0.01953 ಆಗುತ್ತದೆ. ಘಟಕದಿಂದ ತಿಂಗಳಿಗೆ ಹತ್ತು ಲಕ್ಷ ಡಾಲರಿನ ಅನಿಲ ಮಾರಾಟವಾದರೆ ಅವನಿಗೆ ಸುಮಾರು 19,500 ಡಾಲರು. ಈ ಪುಟ್ಟ ದಶಮಾಂಶವೇ ಅವನ ಅನ್ನದ ಬಟ್ಟಲು. ಗುತ್ತಿಗೆ ಕೈ ಬದಲಾಗುವಾಗ ಹೊಸ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೂ ನಷ್ಟ ತಿಂಗಳು ತಿಂಗಳೂ ಬೆಳೆಯುತ್ತದೆ.

ನೂರು ಡಾಲರಿನ ಕಾಗದ, ಸಾವಿರಾರು ಡಾಲರಿನ ವ್ಯಾಪಾರ

ಈಚಿನ ಹಸ್ತಾಂತರಗಳ ಭರಾಟೆಗೆ ಕಾರಣ ಮಾರ್ಸೆಲಸ್ ಎಂಬ ಶಿಲಾಪದರ. ನ್ಯೂಯಾರ್ಕ್ ರಾಜ್ಯದ ಒಂದು ಊರಿನ ಹೆಸರು ಹೊತ್ತ, ಸುಮಾರು 39 ಕೋಟಿ ವರ್ಷಗಳ ಹಿಂದಿನ ಈ ಕಪ್ಪು ಪದರಗಲ್ಲು ಪೆನ್ಸಿಲ್ವೇನಿಯ, ಪಶ್ಚಿಮ ವರ್ಜೀನಿಯಗಳ ಅಡಿಯಲ್ಲಿ, ಬಹುಕಡೆ ಒಂದು ಮೈಲಿಗಿಂತ ಆಳದಲ್ಲಿ ಹಾಸಿಕೊಂಡಿದೆ. ಕಲ್ಲಿನೊಳಗೆ ಅನಿಲವಿರುವುದು ಹಿಂದಿನಿಂದ ಗೊತ್ತಿತ್ತು. ತೆಗೆಯುವ ದಾರಿ ಇರಲಿಲ್ಲ. 2004ರಲ್ಲಿ ರೇಂಜ್ ರಿಸೋರ್ಸಸ್ ಕಂಪನಿ ವಾಷಿಂಗ್ಟನ್ ಕೌಂಟಿಯ ಒಂದು ಬಾವಿಯಲ್ಲಿ ಭಾರೀ ಒತ್ತಡದ ನೀರು ಮತ್ತು ಮರಳನ್ನು ನುಗ್ಗಿಸಿ ಕಲ್ಲನ್ನು ಬಿರಿಸಿತು. ಅನಿಲ ಬಂತು. ಅದರ ಬೆನ್ನಿಗೆ ಗುತ್ತಿಗೆ ಬರೆಸುವವರ ದಂಡೇ ಹಳ್ಳಿಗಳಿಗೆ ಇಳಿಯಿತು.

ಆರಂಭದಲ್ಲಿ ಸಹಿ ಹಾಕಿದ ಅನೇಕರಿಗೆ ಸಿಕ್ಕಿದ್ದು ಎಕರೆಗೆ ನೂರು ಡಾಲರಿಗಿಂತಲೂ ಕಡಿಮೆ. 2008ರ ಹೊತ್ತಿಗೆ ಅದೇ ಸೀಮೆಯಲ್ಲಿ ಎಕರೆಗೆ ಸಾವಿರಾರು ಡಾಲರಿನ ಮಾತು ನಡೆಯುತ್ತಿತ್ತು. ಕಂಪನಿಗಳು ತಮ್ಮ ತಮ್ಮಲ್ಲೇ ಮಾಡಿಕೊಂಡ ವ್ಯವಹಾರ ಇನ್ನೂ ದೊಡ್ಡದು. ಆ ವರ್ಷ ಚೆಸಪೀಕ್ ಎನರ್ಜಿ ಕಂಪನಿ ಮಾರ್ಸೆಲಸ್ ಪ್ರದೇಶದ ತನ್ನ 18 ಲಕ್ಷ ಎಕರೆ ಗುತ್ತಿಗೆಗಳಲ್ಲಿ ಶೇಕಡಾ 32.5 ಪಾಲನ್ನು ನಾರ್ವೆಯ ಸ್ಟಾಟ್‌ಆಯಿಲ್ ಹೈಡ್ರೋ ಕಂಪನಿಗೆ 337.5 ಕೋಟಿ ಡಾಲರಿಗೆ ಮಾರಿತು. ಭಾಗಿಸಿದರೆ ಎಕರೆಗೆ ಐದೂವರೆ ಸಾವಿರ ಡಾಲರಿಗೂ ಮಿಗಿಲು.

ಈ ಲಾಭದಲ್ಲಿ ಜಮೀನುದಾರನಿಗೆ ಪಾಲಿದೆಯೇ? ಇಲ್ಲ. ತನ್ನ ಕೈಗೆ ಬಂದ ಗುತ್ತಿಗೆಯನ್ನು ಕಂಪನಿ ಎಷ್ಟಕ್ಕೆ ಮಾರಿದರೂ ಮೂಲ ಪತ್ರದಲ್ಲಿ ಹಾಗೆ ಬರೆದಿರದ ಹೊರತು ಅವನಿಗೆ ಒಂದು ಕಾಸೂ ಬರುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಅವನು ಕೊಟ್ಟದ್ದು ಮಾರಬಹುದಾದ ಒಂದು ಸ್ವತ್ತನ್ನೇ. ಪತ್ರದಲ್ಲಿ ತಡೆಯಿಲ್ಲದಿದ್ದರೆ ಗುತ್ತಿಗೆಯನ್ನು ಯಾರಿಗೆ ಬೇಕಾದರೂ ವರ್ಗಾಯಿಸಬಹುದು ಎಂಬುದು ಅಲ್ಲಿನ ಸಾಮಾನ್ಯ ನಿಯಮ.

ಭಾರತದ ಕಂಪನಿಯೂ ಬಂತು

ಒಂದು ಗುತ್ತಿಗೆ ಹತ್ತು ವರ್ಷಗಳಲ್ಲಿ ಎಷ್ಟು ಕೈ ದಾಟಬಹುದು ಎಂಬುದಕ್ಕೆ ಪೆನ್ಸಿಲ್ವೇನಿಯದ ನೈರುತ್ಯ ಭಾಗದ ಅಟ್ಲಾಸ್ ಎನರ್ಜಿ ಕಂಪನಿಯ ಗುತ್ತಿಗೆಗಳು ಒಳ್ಳೆಯ ಉದಾಹರಣೆ. ಇಲ್ಲಿ ನಮ್ಮ ದೇಶದ ನಂಟೂ ಇದೆ.

2010ರ ಏಪ್ರಿಲಿನಲ್ಲಿ ಮುಂಬಯಿಯ ರಿಲಯನ್ಸ್ ಇಂಡಸ್ಟ್ರೀಸ್ ಈ ಗುತ್ತಿಗೆಗಳಲ್ಲಿ ಶೇಕಡಾ 40ರ ಪಾಲನ್ನು ಕೊಂಡಿತು. ವ್ಯವಹಾರದ ಮೊತ್ತ ಸುಮಾರು 170 ಕೋಟಿ ಡಾಲರು. ಅದರಲ್ಲಿ ಸುಮಾರು 34 ಕೋಟಿ ರೊಕ್ಕ, ಉಳಿದದ್ದು ಅಟ್ಲಾಸಿನ ಪರವಾಗಿ ಬಾವಿ ಕೊರೆಯುವ ಖರ್ಚು ಹೊರುವ ಭರವಸೆ. ಮಾರನೆಯ ತಿಂಗಳು, ಮೇ 7ರಂದು, ಕೃಷ್ಣಾ-ಗೋದಾವರಿ ಕೊಳ್ಳದ ಅನಿಲದ ವ್ಯಾಜ್ಯದಲ್ಲಿ ಭಾರತದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅನಿಲ ಜನರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಎಂಬುದು ಅದರ ಭಾವ. ಹೀಗೆ ಒಂದೇ ಕಂಪನಿ ಆಂಧ್ರದ ಕಡಲಲ್ಲಿ ಸರ್ಕಾರದ ಗುತ್ತಿಗೆದಾರ, ಪೆನ್ಸಿಲ್ವೇನಿಯದ ಗುಡ್ಡದಲ್ಲಿ ಸಾಮಾನ್ಯ ರೈತರ ಗುತ್ತಿಗೆದಾರ!

2011ರ ಫೆಬ್ರವರಿಯಲ್ಲಿ ಚೆವ್ರಾನ್ ಕಂಪನಿ ಅಟ್ಲಾಸನ್ನು ಇಡಿಯಾಗಿ ಕೊಂಡಿತು. ಸಾಲವೂ ಸೇರಿ ಸುಮಾರು 430 ಕೋಟಿ ಡಾಲರಿನ ಖರೀದಿ. ಬರಬರುತ್ತ ಅನಿಲದ ಬೆಲೆ ಕುಸಿಯಿತು. 2020ರಲ್ಲಿ ಚೆವ್ರಾನ್ ಆ ಪ್ರದೇಶದ ತನ್ನ ಆಸ್ತಿಯನ್ನು ಪಿಟ್ಸ್‌ಬರ್ಗಿನ ಇ.ಕ್ಯು.ಟಿ. ಕಂಪನಿಗೆ 73.5 ಕೋಟಿ ಡಾಲರಿಗೆ ಮಾರಿ ಹೊರಟಿತು. 2021ರಲ್ಲಿ ರಿಲಯನ್ಸ್ ಕೂಡ ತನ್ನ ಪಾಲನ್ನು ನಾರ್ದರ್ನ್ ಆಯಿಲ್ ಅಂಡ್ ಗ್ಯಾಸ್ ಎಂಬ ಕಂಪನಿಗೆ ಮಾರಿ ಅಲ್ಲಿಂದ ಕಾಲ್ತೆಗೆಯಿತು. ಹೀಗೆ 2009ರಲ್ಲಿ ಅಟ್ಲಾಸಿಗೆ ಸಹಿ ಹಾಕಿಕೊಟ್ಟ ರೈತನಿದ್ದರೆ, ಹನ್ನೆರಡು ವರ್ಷಗಳಲ್ಲಿ ಅವನ ಗುತ್ತಿಗೆಯ ಹಿಂದೆ ಐದು ಕಂಪನಿಗಳ ಹೆಸರು ಬಂದು ಹೋಗಿರುತ್ತದೆ. ಅವನು ಮಾತ್ರ ಅದೇ ಹೊಲದಲ್ಲಿ ಅದೇ ಹಸುಗಳನ್ನು ಮೇಯಿಸುತ್ತಿದ್ದಾನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ರಿಲಯನ್ಸ್ ಕೊಂಡದ್ದು ಗುತ್ತಿಗೆಗಳಲ್ಲಿ ಪಾಲು. ಚೆವ್ರಾನ್ ಕೊಂಡದ್ದು ಗುತ್ತಿಗೆ ಹೊಂದಿದ್ದ ಕಂಪನಿಯನ್ನೇ. ಮೊದಲನೆಯದರಲ್ಲಿ ಕಾಗದ ಕೈ ಬದಲಾಯಿಸುತ್ತದೆ. ಎರಡನೆಯದರಲ್ಲಿ ಕಾಗದ ಇದ್ದಲ್ಲೇ ಇರುತ್ತದೆ, ಅದನ್ನು ಹಿಡಿದ ಕೈಯ ಯಜಮಾನ ಬದಲಾಗುತ್ತಾನೆ. ತನ್ನ ಒಪ್ಪಿಗೆಯಿಲ್ಲದೆ ಗುತ್ತಿಗೆಯನ್ನು ವರ್ಗಾಯಿಸಬಾರದು ಎಂದು ಮಾತ್ರ ಬರೆಸಿಕೊಂಡ ಜಮೀನುದಾರನಿಗೆ ಕಂಪನಿಯ ಷೇರು ಮಾರಾಟವನ್ನು ಪ್ರಶ್ನಿಸುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನೂ ತಡೆಯಬೇಕಿದ್ದರೆ ಹಾಗೆಂದೇ ಬರೆಸಬೇಕು.

ಜತೆಯಲ್ಲಿ ಸಾಗುವ ಹೊಣೆ

ಹಸ್ತಾಂತರದ ಮೂಲತತ್ವ ಸರಳ. ತನ್ನಲ್ಲಿ ಇಲ್ಲದ್ದನ್ನು ಯಾರೂ ಮಾರಲಾರರು. ಹಳೆಯ ಕಂಪನಿಗೆ ಎಷ್ಟು ಹಕ್ಕಿತ್ತೋ ಹೊಸದಕ್ಕೂ ಅಷ್ಟೇ. ಮೂಲ ಪತ್ರದಲ್ಲಿ ರಾಜಧನ ಶೇಕಡಾ 18 ಎಂದಿದ್ದರೆ ಹೊಸಬ ಅದನ್ನು 12.5ಕ್ಕೆ ಇಳಿಸಲಾರ. ಮನೆಯಿಂದ ಐನೂರು ಅಡಿಯೊಳಗೆ ಬಾವಿ ಕೊರೆಯಬಾರದು ಎಂದಿದ್ದರೆ ಅದು ಹೊಸಬನಿಗೂ ಕಟ್ಟು. ರಾಜಧನ ಕೊಡುವುದು, ಪಕ್ಕದ ಜಮೀನಿನ ಬಾವಿ ಈ ಜಮೀನಿನ ಅನಿಲವನ್ನು ಹೀರದಂತೆ ನೋಡಿಕೊಳ್ಳುವುದು, ಕೆಲಸ ಮುಗಿದ ಮೇಲೆ ನೆಲವನ್ನು ಮೊದಲಿನಂತೆ ಮಾಡಿಕೊಡುವುದು ಮುಂತಾದ ಹೊಣೆಗಳು ಜಮೀನಿನ ಜತೆಗೇ ಸಾಗುತ್ತವೆ. ಗುತ್ತಿಗೆ ಯಾರ ಕೈಗೆ ಹೋದರೂ ಅವು ಬೆನ್ನು ಬಿಡುವುದಿಲ್ಲ.

ಗುತ್ತಿಗೆ ಆಗಲೇ ಸತ್ತಿದ್ದರೆ? ಐದು ವರ್ಷದೊಳಗೆ ಬಾವಿ ಕೊರೆಯದೆ ಅವಧಿ ಮುಗಿದಿದ್ದರೆ, ಕಂಪನಿ ಮಾರಿದ್ದು ಬರಿಯ ಕಾಗದ. ಹೊಸಬ ಹಣ ಕೊಟ್ಟು ಕೊಂಡನೆಂಬ ಕಾರಣಕ್ಕೆ ಸತ್ತ ಗುತ್ತಿಗೆ ಎದ್ದು ಕೂರುವುದಿಲ್ಲ.

ಹಳೆಯ ಬಾಕಿಯ ಪ್ರಶ್ನೆ ತುಸು ಜಟಿಲ. ಹಸ್ತಾಂತರಕ್ಕೆ ಮುಂಚಿನ ತಿಂಗಳುಗಳ ರಾಜಧನ ಕಡಿಮೆ ಬಂದಿದ್ದರೆ ಅದು ಸಾಮಾನ್ಯವಾಗಿ ಹಳೆಯ ಕಂಪನಿಯ ಸಾಲ. ಹೊಸಬ ಅದನ್ನು ತಾನು ಹೊರುವೆನೆಂದು ಬರೆದುಕೊಟ್ಟಿದ್ದರೆ ಮಾತ್ರ ಅವನನ್ನು ಕೇಳಬಹುದು. ಇನ್ನು ಹಸ್ತಾಂತರವಾದ ಮೇಲಿನ ತಪ್ಪಿಗೆ ಹಳೆಯ ಕಂಪನಿಯನ್ನು ಹಿಡಿಯಬಹುದೇ? ಕೊಟ್ಟ ಮಾತಿನಿಂದ ಬೇರೊಬ್ಬನಿಗೆ ಕಾಗದ ದಾಟಿಸಿದ ಮಾತ್ರಕ್ಕೆ ಬಿಡುಗಡೆಯಿಲ್ಲ ಎನ್ನುತ್ತದೆ ಕರಾರಿನ ಹಳೆಯ ನಿಯಮ. ಆದರೆ ಕಂಪನಿಗಳು ಅಚ್ಚು ಹಾಕಿಸಿ ತರುವ ಗುತ್ತಿಗೆ ಪತ್ರಗಳಲ್ಲಿ, ವರ್ಗಾವಣೆಯಾದ ಕೂಡಲೇ ಮೊದಲ ಕಂಪನಿಯ ಹೊಣೆ ತೀರಿತು ಎಂಬ ಸಾಲೊಂದು ಬಹುಪಾಲು ಇದ್ದೇ ಇರುತ್ತದೆ. ಸಣ್ಣ ಅಕ್ಷರದ ಆ ಒಂದು ಸಾಲನ್ನು ಸಹಿಗೆ ಮುನ್ನ ಹೊಡೆದುಹಾಕಿಸಿದವನಿಗೂ ಹಾಗೆಯೇ ಬಿಟ್ಟವನಿಗೂ ಇರುವ ಅಂತರ ಹೊಸ ಕಂಪನಿ ದಿವಾಳಿಯಾದ ದಿನ ತಿಳಿಯುತ್ತದೆ.

ಒಪ್ಪಿಗೆ ಎಂಬ ಮಾತಿನ ಬೆಲೆ

ಜಮೀನುದಾರ ತನ್ನ ಲಿಖಿತ ಒಪ್ಪಿಗೆಯಿಲ್ಲದೆ ಗುತ್ತಿಗೆಯನ್ನು ವರ್ಗಾಯಿಸಕೂಡದು ಎಂಬ ಷರತ್ತು ಹಾಕಬಹುದು. ಕಂಪನಿಗಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿದರೂ, ಸಕಾರಣವಿಲ್ಲದೆ ಒಪ್ಪಿಗೆ ನಿರಾಕರಿಸಬಾರದು ಎಂಬ ಬಾಲವನ್ನು ಸೇರಿಸುತ್ತವೆ. ಈ ಬಾಲ ಇದ್ದರೂ ಇಲ್ಲದಿದ್ದರೂ ಎಷ್ಟು ವ್ಯತ್ಯಾಸ ಎನ್ನುವವರಿಗೆ ಟೆಕ್ಸಾಸಿನ ಒಂದು ಮೊಕದ್ದಮೆ ಉತ್ತರ ಹೇಳುತ್ತದೆ.

ಅದು ರೈತನ ಮೊಕದ್ದಮೆಯಲ್ಲ, ಎರಡು ಕಂಪನಿಗಳ ಜಗಳ. ಕ್ಯಾರಿಜೊ ಕಂಪನಿಯಿಂದ ಗುತ್ತಿಗೆ ಪ್ರದೇಶವೊಂದರಲ್ಲಿ ಕೊರೆಯುವ ಹಕ್ಕು ಪಡೆದಿದ್ದ ಬ್ಯಾರೊ-ಶೇವರ್ ಕಂಪನಿ ಅದನ್ನು ಮೂರನೆಯವರಿಗೆ ಮಾರಹೊರಟಿತು. ಒಪ್ಪಿಗೆ ಬೇಕಿದ್ದರೆ 50 ಲಕ್ಷ ಡಾಲರು ಕೊಡಿ ಎಂದಿತು ಕ್ಯಾರಿಜೊ. ಮಾರಾಟ ಮುರಿದುಬಿತ್ತು. ಕರಡಿನಲ್ಲಿದ್ದ, ಸಕಾರಣವಿಲ್ಲದೆ ಒಪ್ಪಿಗೆ ತಡೆಹಿಡಿಯಬಾರದು ಎಂಬ ಮಾತು ಅಂತಿಮ ಪತ್ರದಲ್ಲಿ ಬಿಟ್ಟುಹೋಗಿತ್ತು. ಒಪ್ಪಿಗೆ ಕೊಡುತ್ತೇವೆಂದು ಬಾಯಿಮಾತಿನಲ್ಲಿ ಭರವಸೆ ಕೊಟ್ಟಿದ್ದರು ಎಂಬುದು ಬ್ಯಾರೊ-ಶೇವರ್ ವಾದ. ಪತ್ರದಲ್ಲಿ ಇಲ್ಲದ ಮಾತನ್ನು ತಾನು ಸೇರಿಸಲಾರೆ, ಒಪ್ಪಿಗೆಯನ್ನು ಯಾವ ಕಾರಣಕ್ಕಾದರೂ ನಿರಾಕರಿಸಬಹುದು ಎಂದು ಟೆಕ್ಸಾಸಿನ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ದೊಡ್ಡ ದೊಡ್ಡ ವಕೀಲರಿದ್ದ ಕಂಪನಿಗೇ ಬಾಯಿಮಾತು ನೆರವಿಗೆ ಬರಲಿಲ್ಲ. ಗುತ್ತಿಗೆ ಬರೆಸಲು ಬಂದವರು ಕಾಫಿ ಕುಡಿಯುತ್ತ ಕೊಟ್ಟ ಭರವಸೆಗಳನ್ನು ನಂಬಿದ ರೈತನ ಪಾಡೇನು?

ಒಪ್ಪಿಗೆಯ ಷರತ್ತು ಸಿಗದಿದ್ದರೆ ಕೊನೆಯ ಪಕ್ಷ ಸೂಚನೆಯ ಷರತ್ತನ್ನಾದರೂ ಬರೆಸುವುದು ಜಾಣತನ. ವರ್ಗಾವಣೆಯಾದ ಇಷ್ಟು ದಿನದೊಳಗೆ ಹೊಸ ಕಂಪನಿಯ ಹೆಸರು, ವಿಳಾಸ, ನೋಂದಾಯಿತ ಪತ್ರದ ಪ್ರತಿ ಕೊಡಬೇಕು ಎಂಬುದೇ ಅದು. ಇದಿಲ್ಲದಿದ್ದರೆ ತನ್ನ ನೆಲದಡಿಯ ಅನಿಲ ಯಾರ ವಶದಲ್ಲಿದೆ ಎಂಬುದನ್ನು ಜಮೀನುದಾರ ಕೌಂಟಿಯ ನೋಂದಣಿ ಕಚೇರಿಯಲ್ಲಿ ತಾನೇ ಹುಡುಕಬೇಕಾಗುತ್ತದೆ.

ಹೋಳು ಹೋಳಾದ ಗುತ್ತಿಗೆ

ಗುತ್ತಿಗೆಯನ್ನು ಇಡಿಯಾಗಿಯೇ ಮಾರಬೇಕೆಂದಿಲ್ಲ. ಶೇಕಡಾವಾರು ಪಾಲಿನಲ್ಲಿ ಮಾರಬಹುದು, ಎಕರೆ ಲೆಕ್ಕದಲ್ಲಿ ಮಾರಬಹುದು, ಆಳದ ಲೆಕ್ಕದಲ್ಲೂ ಮಾರಬಹುದು. ಕೊನೆಯದು ಪೆನ್ಸಿಲ್ವೇನಿಯದಲ್ಲಿ ಬಹಳ ನಡೆದಿದೆ. ಎಷ್ಟೋ ದಶಕಗಳ ಹಿಂದಿನ ಗುತ್ತಿಗೆಯೊಂದು ಮೇಲುಪದರದ ಸಣ್ಣ ಬಾವಿಯಿಂದ ಇಂದಿಗೂ ಜೀವ ಹಿಡಿದುಕೊಂಡಿರುತ್ತದೆ. ಆ ಬಾವಿಯಿಂದ ಜಮೀನುದಾರನಿಗೆ ಬರುವುದು ತೀರ ಅಲ್ಪ ಹಣ. ಆದರೆ ಆ ಒಂದು ಬಾವಿಯ ಬಲದಿಂದ ಗುತ್ತಿಗೆ ಇಡೀ ಜಮೀನಿಗೆ, ಮಾರ್ಸೆಲಸ್ ಇರುವ ಆಳದವರೆಗೂ ಊರ್ಜಿತ. ಹಳೆಯ ಕಂಪನಿ ಸಣ್ಣ ಬಾವಿಯನ್ನು ತಾನಿಟ್ಟುಕೊಂಡು ಕೆಳಗಿನ ಪದರದ ಹಕ್ಕನ್ನು ದೊಡ್ಡ ಕಂಪನಿಗೆ ಭಾರೀ ಬೆಲೆಗೆ ಮಾರುತ್ತದೆ. ಜಮೀನುದಾರನಿಗೆ ಹೊಸ ಬೋನಸ್ ಇಲ್ಲ, ಹೊಸ ಷರತ್ತೂ ಇಲ್ಲ. ಅಜ್ಜ ಒಪ್ಪಿದ ಎಂಟನೆಯ ಒಂದು ಪಾಲಿನಲ್ಲೇ ಮೊಮ್ಮಗ ತೃಪ್ತನಾಗಬೇಕು.

ಇದನ್ನು ಕಂಡು ಎಚ್ಚೆತ್ತವರು ಈಚಿನ ಗುತ್ತಿಗೆಗಳಲ್ಲಿ ಪ್ಯೂ ಷರತ್ತು ಎಂಬುದನ್ನು ಸೇರಿಸುತ್ತಾರೆ. ಬಾವಿಯ ಘಟಕಕ್ಕೆ ಸೇರದ ಜಮೀನು ಮೊದಲ ಅವಧಿ ಮುಗಿದೊಡನೆ ಗುತ್ತಿಗೆಯಿಂದ ಬಿಡುಗಡೆಯಾಗಬೇಕು ಎಂಬುದು ಅದರ ಅರ್ಥ. ಕೊರೆಯದ ಆಳಕ್ಕೂ ಅದನ್ನು ಅನ್ವಯಿಸಿ ಬರೆಸಬಹುದು.

ಚೆಕ್ಕಿನ ಅಡಿಯ ಕಡಿತಗಳು

ಹಸ್ತಾಂತರದ ಬಿಸಿ ಮೊದಲು ತಟ್ಟುವುದು ಚೆಕ್ಕಿನಲ್ಲಿ. ಬಾವಿಯಿಂದ ಬಂದ ಅನಿಲವನ್ನು ಒಣಗಿಸಬೇಕು, ಒತ್ತಬೇಕು, ಕೊಳವೆಯಲ್ಲಿ ಮಾರುಕಟ್ಟೆಗೆ ಸಾಗಿಸಬೇಕು. ಈ ಖರ್ಚಿನಲ್ಲಿ ಜಮೀನುದಾರನ ಪಾಲನ್ನು ರಾಜಧನದಿಂದ ಕಳೆಯಬಹುದೇ? ಕಳೆದರೆ 1979ರ ಕಾಯ್ದೆಯ ಎಂಟನೆಯ ಒಂದು ಪಾಲಿಗೆ ಭಂಗ ಬರುವುದಿಲ್ಲವೇ? ಭಂಗವಿಲ್ಲ, ಗುತ್ತಿಗೆಯಲ್ಲಿ ಹಾಗೆ ಬರೆದಿದ್ದರೆ ಕಳೆಯಬಹುದು ಎಂದು ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿತು. ಹಳೆಯ ಕಂಪನಿ ಉದಾರವಾಗಿ ಯಾವ ಖರ್ಚನ್ನೂ ಕಳೆಯದೆ ಕೊಡುತ್ತಿದ್ದಿರಬಹುದು. ಹೊಸದು ಅದೇ ಗುತ್ತಿಗೆಯನ್ನು ಬೇರೆ ಕಣ್ಣಿನಿಂದ ಓದಿ ಕಳೆಯತೊಡಗಬಹುದು. ಪತ್ರ ಅದೇ, ಓದುವ ಕಣ್ಣು ಬೇರೆ. ಖರ್ಚು ಕಳೆಯಕೂಡದು ಎಂದು ಸ್ಪಷ್ಟವಾಗಿ ಬರೆಸಿದವನು ಮಾತ್ರ ಇಲ್ಲಿ ನಿಶ್ಚಿಂತ.

ಈ ಕಡಿತಗಳ ಬಗ್ಗೆ ದೂರುಗಳು ಹೆಚ್ಚಿದಾಗ 2013ರಲ್ಲಿ ರಾಜ್ಯ ಒಂದು ಕಾಯ್ದೆ ತಂದು, ಪ್ರತಿ ಚೆಕ್ಕಿನ ಜತೆ ಅನಿಲದ ಪ್ರಮಾಣ, ಬೆಲೆ, ಕಡಿತ, ಜಮೀನುದಾರನ ಪಾಲು ಮುಂತಾದ ವಿವರ ಕೊಡುವುದನ್ನು ಕಡ್ಡಾಯ ಮಾಡಿತು. ಅದೇ ಕಾಯ್ದೆ, ಹಳೆಯ ಗುತ್ತಿಗೆಯಲ್ಲಿ ನಿಷೇಧವಿಲ್ಲದಿದ್ದರೆ ಅಕ್ಕಪಕ್ಕದ ಜಮೀನುಗಳನ್ನು ಒಟ್ಟುಗೂಡಿಸಿ ಅಡ್ಡ ಬಾವಿ ಕೊರೆಯಲು ಕಂಪನಿಗಳಿಗೆ ಅವಕಾಶವನ್ನೂ ಕೊಟ್ಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಂಡ ಹಾಗೆ.

ರಾಜ್ಯದ ಅಟಾರ್ನಿ ಜನರಲ್ 2015ರಲ್ಲಿ ಗ್ರಾಹಕ ಸಂರಕ್ಷಣೆಯ ಕಾನೂನಿನ ಆಧಾರದ ಮೇಲೆ ಚೆಸಪೀಕ್ ವಿರುದ್ಧ ದಾವೆ ಹೂಡಿದ್ದುಂಟು. ಆ ಕಾನೂನು ಮಾರುವವರ ವಂಚನೆಯನ್ನು ತಡೆಯಲು ಇದೆ, ಇಲ್ಲಿ ಕಂಪನಿ ಕೊಳ್ಳುವವನ ಸ್ಥಾನದಲ್ಲಿದೆ, ಆದ್ದರಿಂದ ಅನ್ವಯಿಸದು ಎಂದು 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅಷ್ಟರಲ್ಲಿ, 2020ರ ಜೂನಿನಲ್ಲಿ, ಚೆಸಪೀಕ್ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೊಕ್ಕಿತ್ತು. 2021ರಲ್ಲಿ ಚೇತರಿಸಿಕೊಂಡ ಅದು 2024ರಲ್ಲಿ ಸೌತ್‌ವೆಸ್ಟರ್ನ್ ಎನರ್ಜಿಯೊಡನೆ ಸೇರಿ ಎಕ್ಸ್‌ಪ್ಯಾಂಡ್ ಎನರ್ಜಿ ಎಂಬ ಹೊಸ ಹೆಸರು ತಳೆಯಿತು. ಜಮೀನುದಾರರ ಮನೆಗಳಿಗೆ ಮತ್ತೊಮ್ಮೆ ಹೊಸ ತಲೆಬರಹದ ಕಾಗದ!

ಕೊನೆಗೆ ಉಳಿಯುವ ಬಾವಿ

ಅನಿಲ ಬತ್ತಿದ ಮೇಲಿನ ಮಾತು ಇನ್ನೂ ಗಂಭೀರ. ಬತ್ತಿದ ಬಾವಿಗೆ ಸಿಮೆಂಟು ತುಂಬಿ ಮುಚ್ಚುವುದು ಅದನ್ನು ನಡೆಸುತ್ತಿರುವ ಕಂಪನಿಯ ಹೊಣೆ. ಆದರೆ ಬಾವಿ ಮುಪ್ಪಾದಂತೆ ದೊಡ್ಡ ಕಂಪನಿಯಿಂದ ಸಣ್ಣದಕ್ಕೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ ದಾಟುವುದು ಈ ಉದ್ಯಮದ ರೂಢಿ. ಕೊನೆಯ ಕೈ ಬರಿಗೈಯಾದರೆ ಬಾವಿ ಅನಾಥ. ಸರ್ಕಾರಕ್ಕೆ ಕಟ್ಟಿದ ಜಾಮೀನು ಠೇವಣಿ ಬಾವಿ ಮುಚ್ಚುವ ಖರ್ಚಿಗೆ ಸಾಲುವುದು ಅಪರೂಪ. ಡ್ರೇಕನ ಕಾಲದಿಂದ ಕೊರೆದು ಕೈಬಿಟ್ಟ ಬಾವಿಗಳು ಪೆನ್ಸಿಲ್ವೇನಿಯದ ಕಾಡು, ಹೊಲ, ಹಿತ್ತಿಲುಗಳಲ್ಲಿ ಇಂದಿಗೂ ಅನಿಲ ಸೋರುತ್ತ ಬಿದ್ದಿವೆ. ಇಂಥ ಬಾವಿಗಳನ್ನು ಮುಚ್ಚಲು ಅಮೆರಿಕದ ಕೇಂದ್ರ ಸರ್ಕಾರ 2021ರಲ್ಲಿ 470 ಕೋಟಿ ಡಾಲರನ್ನು ತೆಗೆದಿರಿಸಬೇಕಾಯಿತು. ಗುತ್ತಿಗೆ ಕೊಂಡವನ ಹಣಬಲ ಎಷ್ಟು ಎಂದು ಕೇಳುವ ಹಕ್ಕು ಜಮೀನುದಾರನಿಗೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನಮ್ಮ ಕೋಲಾರದ ಚಿನ್ನದ ಕಥೆಯೂ ಹಸ್ತಾಂತರದಿಂದಲೇ ಮೊದಲಾದದ್ದು. 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ ಮೈಕೆಲ್ ಲ್ಯಾವೆಲ್ ಬಂಡವಾಳ ಸಾಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಮುಂದೆ ಅದು ಜಾನ್ ಟೇಲರ್ ಕಂಪನಿಯ ಆಡಳಿತಕ್ಕೆ ಬಂತು. ಆದರೆ ಅಲ್ಲಿ ಗುತ್ತಿಗೆ ಕೊಟ್ಟದ್ದು ಸರ್ಕಾರ. ಕಾಗದ ಓದಲು ಅದಕ್ಕೆ ಅಧಿಕಾರಿಗಳಿದ್ದರು, ಕಂಪನಿ ತಪ್ಪಿ ನಡೆದರೆ ಹಿಡಿಯುವ ಬಲವೂ ಇತ್ತು. ಪೆನ್ಸಿಲ್ವೇನಿಯದ ರೈತ ತನ್ನ ಮಟ್ಟಿಗೆ ತಾನೇ ಸರ್ಕಾರ, ತಾನೇ ಶಾನುಭೋಗ.

ಪತ್ರ ಬಂದಾಗ

ಆದ್ದರಿಂದ ಲಕೋಟೆ ಬಂದ ದಿನ ಅವನು ಮೊದಲು ಮಾಡಬೇಕಾದ ಕೆಲಸ ಹಳೆಯ ಗುತ್ತಿಗೆಯನ್ನು ಪೆಟ್ಟಿಗೆಯಿಂದ ತೆಗೆದು ಓದುವುದು. ಅವಧಿ ಇನ್ನೂ ಇದೆಯೇ, ವರ್ಗಾವಣೆಗೆ ಒಪ್ಪಿಗೆಯೋ ಸೂಚನೆಯೋ ಬೇಕಿತ್ತೇ ಎಂದು ನೋಡುವುದು. ಹೊಸ ಕಂಪನಿಯಿಂದ ನೋಂದಾಯಿತ ವರ್ಗಾವಣೆ ಪತ್ರದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳುವುದು. ಇಡೀ ಗುತ್ತಿಗೆ ಬಂದಿದೆಯೇ, ಒಂದು ಆಳ ಅಥವಾ ಪಾಲು ಮಾತ್ರವೇ ಎಂದು ತಿಳಿಯುವುದು. ಹಳೆಯ ಚೆಕ್ಕಿನ ದಶಮಾಂಶವನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸುವುದು.

ಇನ್ನೊಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಹಸ್ತಾಂತರದ ಪತ್ರದ ಜತೆಯಲ್ಲೇ ಕೆಲವೊಮ್ಮೆ ಇನ್ನೊಂದು ಕಾಗದ ಇರುತ್ತದೆ. ದಾಖಲೆ ಸರಿಪಡಿಸಲು ಇಲ್ಲೊಂದು ಸಹಿ ಹಾಕಿ ಕಳಿಸಿ ಎಂದು ವಿನಯದಿಂದ ಕೇಳಿರುತ್ತಾರೆ. ಗುತ್ತಿಗೆ ಊರ್ಜಿತವೆಂದು ಜಮೀನುದಾರ ಒಪ್ಪುವ ದೃಢೀಕರಣ ಅದಾಗಿರಬಹುದು. ಅವಧಿ ಮುಗಿದು ಸತ್ತ ಗುತ್ತಿಗೆಗೆ ಆ ಸಹಿಯೇ ಮತ್ತೆ ಪ್ರಾಣ ತುಂಬಬಹುದು. ಹೆಚ್ಚು ಎಕರೆ ಒಟ್ಟುಗೂಡಿಸಲು, ಕೊಳವೆ ಹಾಯಿಸಲು ಅನುಮತಿಯೂ ಅದರೊಳಗೆ ಅಡಗಿರಬಹುದು. ಮೂಲ ಗುತ್ತಿಗೆಯಲ್ಲಿ ಬಾಧ್ಯತೆ ಇಲ್ಲದ ಮೇಲೆ ಅದಕ್ಕೆ ಸಹಿ ಹಾಕಲೇಬೇಕೆಂದೇನೂ ಇಲ್ಲ. ಕಂಪನಿಗೆ ಆ ಸಹಿ ನಿಜವಾಗಿ ಬೇಕಿದ್ದರೆ, ಜಮೀನುದಾರನಿಗೆ ತಾನು ಮೊದಲ ಸಲ ಬಿಟ್ಟ ಷರತ್ತುಗಳನ್ನು ಕೇಳಿ ಪಡೆಯಲು ಅದೇ ಸಂದರ್ಭ. ಒಬ್ಬ ಒಳ್ಳೆಯ ವಕೀಲನಿಗೆ ಕೊಡುವ ಶುಲ್ಕ ಆಗ ದಂಡವಾಗುವುದಿಲ್ಲ.

ಕಂಪನಿಗಳು ಬರುತ್ತವೆ, ಹೋಗುತ್ತವೆ. ಹೆಸರು ಬದಲಾಯಿಸುತ್ತವೆ, ಒಂದನ್ನೊಂದು ನುಂಗುತ್ತವೆ, ಕೆಲವು ಮುಳುಗುತ್ತವೆ. ನೆಲ ಎಲ್ಲಿಗೂ ಹೋಗುವುದಿಲ್ಲ. ನೆಲದೊಡೆಯನ ಹಕ್ಕನ್ನು ಕಾಯುವುದು ಪತ್ರದ ಕೆಳಗಿನ ಕಂಪನಿಯ ಹೆಸರಲ್ಲ, ಮೇಲಿನ ಸಾಲುಗಳು. ಸಹಿ ಹಾಕಿದ ದಿನ ಯಾರೊಂದಿಗೆ ಮಾತಾಡುತ್ತಿದ್ದೇವೆ ಎಂದಷ್ಟೇ ನೋಡಿದವನು ಸೋಲುತ್ತಾನೆ. ಈ ಕಾಗದ ನಾಳೆ ಯಾವ ಅಪರಿಚಿತನ ಕೈಗೆ ಹೋದೀತು ಎಂದು ಯೋಚಿಸಿ, ಆ ಅಪರಿಚಿತನಿಗಾಗಿಯೇ ಷರತ್ತು ಬರೆಸಿದವನು ಉಳಿದುಕೊಳ್ಳುತ್ತಾನೆ.